ಸುಟ್ಟ ಮಣ್ಣಿನ ಗೋಡೆ, ಬಂಡೀಪುರದ ರಸ್ತೆ

ರಾತ್ರಿ 9ಕ್ಕೆ ಮದ್ದೂರು ಗೇಟು ಮುಚ್ಚುತ್ತದೆ. ಎಂಟೂವರೆಯ ಹೊತ್ತಿಗೆ ಗುಂಡ್ಲುಪೇಟೆಯಿಂದ ವಯನಾಡಿನ ಕಡೆ ಹೊರಟ ತರಕಾರಿ ಲಾರಿಗಳೆಲ್ಲ ಒಂದೇ ಉಸಿರಿಗೆ ಓಡುತ್ತವೆ. ಟೊಮೆಟೊ, ಎಲೆಕೋಸು, ಬೀನ್ಸ್, ಓಣಂ ಬಂತೆಂದರೆ ಚೆಂಡುಹೂವು, ಯಾವುದೂ ಬೆಳಗಿನ ತನಕ ಕಾಯುವ ಸರಕಲ್ಲ. ಗೇಟು ದಾಟಿದವರು ದಾಟಿದರು, ಉಳಿದವರು ಬೆಳಿಗ್ಗೆ 6ರವರೆಗೆ ರಸ್ತೆ ಪಕ್ಕದಲ್ಲೇ. ಬಂಡೀಪುರದ ರಾತ್ರಿ ಸಂಚಾರ ನಿರ್ಬಂಧ 2009ರಲ್ಲಿ ಆರಂಭವಾಯಿತು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಡಿನ ಜೀವಗಳಿಗೆ ಅದು ಬೇಕೇ ಬೇಕಿತ್ತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಇಲ್ಲಿ ಹೇಳಹೊರಟದ್ದು ಆ ಸಾಲಿನಲ್ಲಿ ನಿಂತ ಲಾರಿಯ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು.

ಹಳೆಯ ಲಾರಿಯಾದರೆ ಗೇಟು ತೆರೆದೊಡನೆ ಆಕ್ಸಿಲರೇಟರ್ ಒತ್ತಿದಾಗ ಕರಿ ಹೊಗೆ ಬುಸ್ಸೆನ್ನುತ್ತದೆ. 2020ರ ಏಪ್ರಿಲ್ 1ರ ನಂತರ ಬಂದ, ಬಿಎಸ್-6 ಮಾಲಿನ್ಯ ನಿಯಮದ ಲಾರಿಯಲ್ಲಿ ಆ ಹೊಗೆ ಇಲ್ಲ. ಅದರ ಬದಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಇದೆ. 'ಲೈಟ್ ಬಂದ್ರೆ ನಿಲ್ಸಿ ರೀಜನ್ ಹಾಕ್ಬೇಕು ಅಂತವ್ರೆ. ಕಾಡೊಳಗ ಎಲ್ಲಿ ನಿಲ್ಸದು ಸಾ?' ಎಂದು ಒಬ್ಬ ಚಾಲಕರು ಕೇಳಿದರು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ. ದೀಪದ ಹಿಂದಿರುವುದು ಹೊಗೆಯ ಮಸಿ ಹಿಡಿಯುವ ಸೆರಾಮಿಕ್ ಫಿಲ್ಟರ್, ಹಿಡಿದ ಮಸಿಯನ್ನು ಒಳಗೇ ಸುಡುವುದು ರೀಜನ್. ಅದರೊಳಗೆ ಬಿಸಿ ಅನಿಲ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕಳೆದ 40 ವರ್ಷಗಳಿಂದ ಜಗತ್ತಿನ ಹಲವು ಪ್ರಯೋಗಾಲಯಗಳು ದುಡಿದಿವೆ. ಆ ಲೆಕ್ಕ ಎಲ್ಲಿಗೆ ಬಂದಿದೆ, ನಮ್ಮ ರಸ್ತೆಗೆ ಎಷ್ಟು ಒದಗುತ್ತದೆ?

ವಸ್ತುವಿನಿಂದಲೇ ಶುರು ಮಾಡೋಣ. ಈ ಫಿಲ್ಟರ್ ಮಾಡುವ ಕಾರ್ಡಿಯರೈಟ್ ಎಂಬುದು ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಆಕ್ಸೈಡ್‌ಗಳು ಬೆರೆತ ಸುಟ್ಟ ಮಣ್ಣು. ಕಾದರೂ ಅದು ಹಿಗ್ಗುವುದು ತೀರಾ ಕಡಿಮೆ, ಹಾಗಾಗಿ ಬಿಸಿ ತಣ್ಣಗಾದರೂ ಬೇಗ ಸೀಳುವುದಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ರಾಡ್ನಿ ಬ್ಯಾಗ್ಲಿ, ಇರ್ವಿನ್ ಲ್ಯಾಕ್‌ಮನ್, ರೊನಾಲ್ಡ್ ಲೂಯಿಸ್ ಈ ಮಣ್ಣನ್ನು ಅಚ್ಚಿನೊಳಗಿಂದ ಒತ್ತಿ ಜೇನುಗೂಡಿನಂಥ ದಿಂಡು ಮಾಡಿದರು. ನಮ್ಮಲ್ಲಿ ಒತ್ತು ಶ್ಯಾವಿಗೆ ಒರಳಿನಿಂದ ಇಳಿಯುವುದನ್ನು ನೋಡಿದವರಿಗೆ ಆ ಕೆಲಸ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೆ: ಇಲ್ಲಿ ಎಳೆಯ ಬದಲು ಎಳೆಗಳ ನಡುವಿನ ಗೋಡೆ ಉಳಿಯಬೇಕು. ದಶಕದ ಕೊನೆಗೆ ಅದೇ ದಿಂಡು ಫಿಲ್ಟರ್ ಆಯಿತು. ಒಂದು ಕಂಡಿಯ ಹಿಂಬದಿ ಮುಚ್ಚಿ, ಪಕ್ಕದ ಕಂಡಿಯ ಮುಂಬದಿ ಮುಚ್ಚಿದರೆ ಹೊಗೆಗೆ ಬೇರೆ ದಾರಿಯಿಲ್ಲ, ನಡುವಿನ ಗೋಡೆಯನ್ನೇ ತೂರಿ ಹೋಗಬೇಕು. ಆ ಗೋಡೆ ಸುಮಾರು 0.3 ಮಿಲಿಮೀಟರ್ ದಪ್ಪ. ಅದರಲ್ಲಿ ಅರ್ಧದಷ್ಟು ಬರೀ ರಂಧ್ರ. ರಂಧ್ರದ ಅಗಲ 10ರಿಂದ 20 ಮೈಕ್ರಾನ್.

ಇದನ್ನು ಜರಡಿ ಎಂದು ಭಾವಿಸುವುದು ಸಹಜ, ಆದರೆ ತಪ್ಪು. ಡೀಸೆಲ್ ಮಸಿಯ ಕಣ ಸುಮಾರು 0.1 ಮೈಕ್ರಾನ್, ರಂಧ್ರ ಅದಕ್ಕಿಂತ ನೂರು ಪಟ್ಟು ದೊಡ್ಡದು. ಊರ ಹೆಬ್ಬಾಗಿಲಲ್ಲಿ ಇರುವೆ ನುಸುಳುವುದಕ್ಕೆ ಅಡ್ಡಿ ಏನು? ಆದರೂ ಇರುವೆ ಸಿಕ್ಕಿಬೀಳುತ್ತದೆ. ಇಷ್ಟು ಸಣ್ಣ ಕಣ ನೇರ ಸಾಗುವುದಿಲ್ಲ. ಸುತ್ತಲಿನ ಅಣುಗಳು ಅದನ್ನು ಎಲ್ಲ ದಿಕ್ಕಿನಿಂದ ತಳ್ಳುತ್ತಿರುತ್ತವೆ, ಅದು ತೂರಾಡುತ್ತ ಎಲ್ಲೋ ಗೋಡೆಗೆ ತಾಗಿ ಅಂಟುತ್ತದೆ. ಅಂಟಿದ ಮಸಿಯ ಮೇಲೆ ಇನ್ನಷ್ಟು ಮಸಿ ಕೂರುತ್ತದೆ. ಕೆಲ ಹೊತ್ತಿನಲ್ಲೇ ಗೋಡೆಯ ಮೇಲೊಂದು ತೆಳು ಪದರ ಬೆಳೆದು, ಆಮೇಲೆ ಸೋಸುವುದು ಆ ಪದರವೇ. ಹೊಸದಾಗಿ ತೊಳೆದ ಫಿಲ್ಟರಿಗಿಂತ ಸ್ವಲ್ಪ ಮಸಿ ಹಿಡಿದ ಫಿಲ್ಟರ್ ಚೆನ್ನಾಗಿ ಸೋಸುತ್ತದೆ. ಕಣಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಅಲ್ಲೇ ಉಳಿಯುತ್ತವೆ.

ಕಾನೂನು ಕೇಳುವುದೂ ಅಂಥ ಸೋಸುವಿಕೆಯನ್ನೇ. ಡೀಸೆಲ್ ಕಾರಿಗೆ ಹಿಂದಿನ ಬಿಎಸ್-4 ನಿಯಮದಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಬಿಡಲು ಅನುಮತಿ ಇತ್ತು, ಬಿಎಸ್-6ರಲ್ಲಿ ಅದು 4.5 ಮಿಲಿಗ್ರಾಂ. ಜೊತೆಗೆ ಮೊದಲ ಬಾರಿಗೆ ಕಣಗಳ ಎಣಿಕೆಗೂ ಮಿತಿ ಬಂತು. ಡೀಸೆಲ್‌ನಲ್ಲಿನ ಗಂಧಕವನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸಾಲುಗಟ್ಟಿ ನಿಂತ ಲಾರಿಗಳ ನಡುವೆ ಟೀ ಮಾರುವವರಿಗೆ, ಗೇಟು ಕಾಯುವ ಅರಣ್ಯ ಸಿಬ್ಬಂದಿಗೆ ಇದು ದಿನದಿನದ ಮಾತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಲಾರಿಯ ಫಿಲ್ಟರ್ 20 ಲೀಟರ್ ಗಾತ್ರದ್ದು ಎಂದುಕೊಳ್ಳಿ, ಅಂದರೆ ಮನೆಗೆ ತರಿಸುವ ಒಂದು ನೀರಿನ ಕ್ಯಾನ್. ಚದರ ಇಂಚಿಗೆ 200 ಕಂಡಿ ಇದ್ದರೆ ಹೊಗೆ ತೂರುವ ಗೋಡೆಯ ಒಟ್ಟು ವಿಸ್ತೀರ್ಣ ಸುಮಾರು 18 ಚದರ ಮೀಟರ್. 12 ಅಡಿಗೆ 16 ಅಡಿಯ ಕೋಣೆಯ ನೆಲ ಅಷ್ಟಿರುತ್ತದೆ. ಏರಿನಲ್ಲಿ ಎಂಜಿನ್ ಸೆಕೆಂಡಿಗೆ 600 ಲೀಟರ್ ಬಿಸಿ ಅನಿಲ ಉಗುಳಿದರೂ ಅದು ಇಷ್ಟು ಅಗಲದ ಗೋಡೆಯಲ್ಲಿ ಹಂಚಿಹೋಗಿ, ಸೆಕೆಂಡಿಗೆ 3 ಸೆಂಟಿಮೀಟರ್ ವೇಗದಲ್ಲಿ ನಿಧಾನವಾಗಿ ತೂರುತ್ತದೆ. ಇಷ್ಟು ನಿಧಾನದ ಹರಿವಿಗೆ ಹೆನ್ರಿ ಡಾರ್ಸಿಯ ಸೂತ್ರ ಸಾಕು. ಫ್ರಾನ್ಸಿನ ದಿಜೋನ್ ಪಟ್ಟಣದ ಕುಡಿಯುವ ನೀರಿನ ಮರಳು ಸೋಸುಕಗಳನ್ನು ಅಳೆದು 1856ರಲ್ಲಿ ಆತ ಕೊಟ್ಟದ್ದು ಅದು. ವೇಗ ಹೆಚ್ಚಿದಷ್ಟೂ, ಗೋಡೆ ದಪ್ಪವಾದಷ್ಟೂ, ದ್ರವ ಅಥವಾ ಅನಿಲ ಮಂದವಾದಷ್ಟೂ ಒತ್ತಡದ ನಷ್ಟ ಹೆಚ್ಚು. 400 ಡಿಗ್ರಿಯ ಅನಿಲಕ್ಕೆ ಲೆಕ್ಕ ಹಾಕಿದರೆ ಬರಿಯ ಗೋಡೆ ಕೇಳುವುದು ಅರ್ಧ ಕಿಲೋಪ್ಯಾಸ್ಕಲಿನ ಆಸುಪಾಸು, ಏನೂ ಅಲ್ಲ. ಆದರೆ ಲೀಟರಿಗೆ 5 ಗ್ರಾಂನಂತೆ ಒಟ್ಟು 100 ಗ್ರಾಂ ಮಸಿ ಕೂತಿತು ಎನ್ನಿ. ಪದರದ ದಪ್ಪ 0.05 ಮಿಲಿಮೀಟರ್ ಮಾತ್ರ, ಗೋಡೆಯ ಆರನೇ ಒಂದು ಭಾಗ. ಅದು ಒಡ್ಡುವ ತಡೆ ಮಾತ್ರ ಸುಮಾರು 5 ಕಿಲೋಪ್ಯಾಸ್ಕಲ್, ಗೋಡೆಯದರ ಸುಮಾರು ಹತ್ತು ಪಟ್ಟು. 'ಪಿಕಪ್ ಹೋಯ್ತು, ಗಾಡಿ ಎಳೀತಿಲ್ಲ' ಎಂದು ಗ್ಯಾರೇಜಿನಲ್ಲಿ ಹೇಳುವ ಮಾತಿನ ಹಿಂದೆ ಇರುವುದು ಈ ಅಂಕಿ.

ಈ ಲೆಕ್ಕವನ್ನು ಉದ್ದಕ್ಕೂ ಬಿಡಿಸಿದವರಲ್ಲಿ ಮೊದಲಿಗರು ಜನರಲ್ ಮೋಟಾರ್ಸ್‌ನ ಎಡ್ವರ್ಡ್ ಬಿಸೆಟ್. 1984ರಲ್ಲಿ ಅವರು ಒಂದು ಒಳಹೋಗುವ ಕಂಡಿ, ಒಂದು ಹೊರಬರುವ ಕಂಡಿ, ನಡುವೆ ಗೋಡೆ, ಇಷ್ಟನ್ನೇ ಇಟ್ಟುಕೊಂಡು ಹರಿವು, ಶಾಖ ಮತ್ತು ಮಸಿ ಉರಿಯುವಿಕೆಯನ್ನು ಒಟ್ಟಿಗೆ ಬಿಡಿಸಿದರು. ಸಾವಿರಾರು ಕಂಡಿಗಳಲ್ಲಿ ಒಂದು ಜೋಡಿ ತಿಳಿದರೆ ಉಳಿದದ್ದೂ ತಿಳಿದಂತೆ ಎಂಬ ಧೈರ್ಯ ಅದು. 1989ರಲ್ಲಿ ಕಾನ್‌ಸ್ಟಾಂಡೊಪೌಲೋಸ್ ಮತ್ತು ಜಾನ್ಸನ್ ಗೋಡೆಯೊಳಗಿನ ಜಾಲವನ್ನು ಸಣ್ಣ ಗುಂಡುಗಳ ರಾಶಿ ಎಂದು ಭಾವಿಸಿ ಎಷ್ಟು ಕಣ ಅಂಟುತ್ತದೆ, ಎಷ್ಟು ಒತ್ತಡ ಬೇಕು ಎಂಬುದನ್ನು ಒಂದೇ ಚೌಕಟ್ಟಿಗೆ ತಂದರು. ಗ್ರೀಸಿನ ಥೆಸ್ಸಲೊನೀಕಿ ಆಮೇಲೆ ಈ ವಿದ್ಯೆಯ ತವರೂರೇ ಆಯಿತು. 2000ದಲ್ಲಿ ಪ್ಯೂಜೋ 607 ಕಾರು ಕಾರ್ಖಾನೆಯಿಂದಲೇ ಫಿಲ್ಟರ್ ಹೊತ್ತು ಬಂದಾಗ, ವಾಹನದ ಕಂಪ್ಯೂಟರಿನೊಳಗೆ ಓಡಬಲ್ಲಷ್ಟು ಹಗುರವಾದ ಮಾದರಿಗಳ ಅಗತ್ಯ ಬಿತ್ತು. ಇಂದು ಲಾರಿಯ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಫಿಲ್ಟರಿನೊಳಗೆ ಎಷ್ಟು ಮಸಿ ಇದೆ ಎಂದು ಊಹಿಸುವುದು ಇಂಥ ಮಾದರಿಯಿಂದಲೇ. ಯಾರೂ ತೂಗಿ ನೋಡುವುದಿಲ್ಲ. ಒತ್ತಡ ಅಳೆಯುವ ಒಂದು ಸೆನ್ಸರ್, ಉಷ್ಣತೆ ಅಳೆಯುವ ಒಂದೆರಡು ಸೆನ್ಸರ್, ಉಳಿದದ್ದು ಲೆಕ್ಕ.

ಇನ್ನೊಂದು ಹಾದಿ ರಂಧ್ರದೊಳಕ್ಕೇ ಇಳಿಯಿತು. ಗೋಡೆಯ ಚೂರನ್ನು ಎಕ್ಸ್-ರೇ ಸ್ಕ್ಯಾನ್ ಮಾಡಿ, ಅದರ ನಿಜವಾದ ಗುಹೆ ಸುರಂಗಗಳನ್ನು ಮೂರು ಆಯಾಮದಲ್ಲಿ ಕಂಪ್ಯೂಟರಿಗೆ ಇಳಿಸಿ, ಅಲ್ಲಿ ಅನಿಲ ಹರಿಸುವುದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಕಜುಹಿರೊ ಯಮಾಮೊಟೊ ಇದನ್ನು ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದಿಂದ ಮಾಡಿದವರಲ್ಲಿ ಪ್ರಮುಖರು. ಈ ವಿಧಾನದಲ್ಲಿ ಹರಿವನ್ನು ಒಂದೇ ಅಖಂಡ ವಸ್ತು ಎಂದು ನೋಡದೆ, ಚೌಕಳಿಯ ಮೇಲೆ ಮನೆಯಿಂದ ಮನೆಗೆ ನೆಗೆಯುವ ಕಣಗುಂಪುಗಳು ಎಂದು ನೋಡುತ್ತಾರೆ. ಚೌಕಾಬಾರದ ಕಾಯಿಗಳು ಡಿಕ್ಕಿ ಹೊಡೆಯುತ್ತ ಸಾಗಿದಂತೆ ಎನ್ನಬಹುದು. ಅಂಕುಡೊಂಕಿನ ರಂಧ್ರಗಳಿಗೆ ಇದಕ್ಕಿಂತ ಒಗ್ಗುವ ಉಪಾಯ ಕಡಿಮೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಂತೋಷ್ ಅನ್ಸುಮಾಲಿ ಈ ವಿಧಾನದ ಬುಡವನ್ನೇ ಗಟ್ಟಿ ಮಾಡಿದ ವಿದ್ವಾಂಸರಲ್ಲಿ ಒಬ್ಬರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲನೆಗೊಂಡ 3.3 ಪೆಟಾಫ್ಲಾಪ್ಸ್‌ನ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ ಇದೆ. ವಿದ್ಯೆಗೂ ಯಂತ್ರಕ್ಕೂ ಕರ್ನಾಟಕದಲ್ಲಿ ಬರವಿಲ್ಲ.

ರಂಧ್ರದ ಮಟ್ಟದ ಲೆಕ್ಕ ತೋರಿಸಿಕೊಟ್ಟ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಅನಿಲದ ಅಣು ಇನ್ನೊಂದು ಅಣುವಿಗೆ ಬಡಿಯುವ ಮುನ್ನ ಸಾಗುವ ದೂರ ಕೋಣೆಯ ಬಿಸಿಯಲ್ಲಿ 0.07 ಮೈಕ್ರಾನ್‌ನಷ್ಟು. 400 ಡಿಗ್ರಿಯಲ್ಲಿ ಅದು ಸುಮಾರು ಎರಡೂವರೆ ಪಟ್ಟು. ಮಸಿಯ ಪದರದೊಳಗಿನ ಸಂದುಗಳೂ ಹೆಚ್ಚುಕಡಿಮೆ ಅಷ್ಟೇ ಅಗಲ. ಅಲ್ಲಿ ಅನಿಲ ಗೋಡೆಗೆ ಅಂಟಿಕೊಂಡು ಹರಿಯುವ ಬದಲು ಜಾರುತ್ತದೆ, ಡಾರ್ಸಿಯ ಸೂತ್ರ ಹೇಳಿದ್ದಕ್ಕಿಂತ ಸುಲಭವಾಗಿ ನುಸುಳುತ್ತದೆ. ಈ ತಿದ್ದುಪಡಿ ಮರೆತರೆ ಒತ್ತಡದಿಂದ ಮಸಿಯ ತೂಕ ಊಹಿಸುವ ಲೆಕ್ಕ ತಪ್ಪುತ್ತದೆ.

ಕಲ್ಲಿದ್ದಲು ಮತ್ತು ಸೌದೆ ಅನಿಲದ ಸ್ಥಾವರಗಳ ಮೇಣದಬತ್ತಿ ಆಕಾರದ ಸೆರಾಮಿಕ್ ಫಿಲ್ಟರುಗಳ ಕಥೆ ಬೇರೆಯೇ ಒಂದು ಲೇಖನ ಬೇಡುತ್ತದೆ. ಅದರಿಂದ ಒಂದೇ ಪಾಠ ಎತ್ತಿಕೊಳ್ಳುತ್ತೇನೆ. ಅಮೆರಿಕದ ಒಹಾಯೋದ ಟಿಡ್ ಸ್ಥಾವರದಲ್ಲಿ 1990ರ ದಶಕದ ಮೊದಲರ್ಧದಲ್ಲಿ ಇಂಥ ಬತ್ತಿಗಳು ಮುರಿದವು. ಒಂದು ಬತ್ತಿಗೂ ಇನ್ನೊಂದಕ್ಕೂ ನಡುವೆ ಬೂದಿ ಸೇತುವೆ ಕಟ್ಟಿ, ಬಗ್ಗಿಸಿ ಮುರಿದಿತ್ತು. ಸ್ವೀಡನ್ನಿನ ವ್ಯಾರ್ನಮೋದಲ್ಲಿ ಸೆರಾಮಿಕ್ ತೆಗೆದು ಲೋಹದ ಫಿಲ್ಟರ್ ಹಾಕಬೇಕಾಯಿತು. ಎರಡೂ ಕಡೆ ಸೋತದ್ದು ಸೋಸುವ ಕೆಲಸದಲ್ಲಲ್ಲ, ಬಾಳಿಕೆಯಲ್ಲಿ. ದಿನನಿತ್ಯದ ಬಳಕೆ ಫಿಲ್ಟರಿಗೆ ಏನೇನು ಮಾಡುತ್ತದೆ ಎಂಬುದು ಲೆಕ್ಕದೊಳಗೆ ಬಂದಿರಲಿಲ್ಲ.

ನಮ್ಮ ಲಾರಿಗೂ ಇದೇ ಅನ್ವಯ. ಮಸಿ ತುಂಬುತ್ತ ಹೋದರೆ ಅದನ್ನು ಒಳಗೇ ಸುಡಬೇಕು. ಇದಕ್ಕೆ ರೀಜನರೇಷನ್ ಎಂದು ಹೆಸರು, ಚಾಲಕರ ಬಾಯಲ್ಲಿ ರೀಜನ್. ಎರಡು ದಾರಿ ಇವೆ. ಭಾರ ಹೊತ್ತು ಒಂದೇ ವೇಗದಲ್ಲಿ ಓಡುತ್ತಿದ್ದರೆ ಹೊಗೆ 250ರಿಂದ 400 ಡಿಗ್ರಿ ಇರುತ್ತದೆ, ಅದರಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಮಸಿಯನ್ನು ಸದ್ದಿಲ್ಲದೆ ತಿನ್ನುತ್ತ ಹೋಗುತ್ತದೆ. ಅದು ಸಾಲದಾಗ ಹೆಚ್ಚುವರಿ ಡೀಸೆಲ್ ಹಾಕಿ ಉಷ್ಣತೆಯನ್ನು 600 ಡಿಗ್ರಿಗೆ ಏರಿಸಿ, ಆಮ್ಲಜನಕದಿಂದಲೇ ಮಸಿ ಸುಡಬೇಕು. ಮೊದಲನೆಯದು ಕೆಂಡದಂತೆ, ಎರಡನೆಯದು ಉರಿಯಂತೆ.

ಅಪಾಯ ಎಲ್ಲಿದೆ ನೋಡಿ. ಮಸಿಯ ಒಂದು ಗ್ರಾಂ ಉರಿದರೆ ಸುಮಾರು 33 ಕಿಲೋಜೂಲ್ ಶಾಖ. ಮೇಲಿನ ಫಿಲ್ಟರಿನ ಮಣ್ಣು ಸುಮಾರು 10 ಕಿಲೋ ತೂಗುತ್ತದೆ. 100 ಗ್ರಾಂ ಮಸಿಯ ಶಾಖವೆಲ್ಲ ಅದರಲ್ಲೇ ಉಳಿದರೆ ಉಷ್ಣತೆ 300 ಡಿಗ್ರಿ ಏರುತ್ತದೆ. 600ರಿಂದ 900, ತಡೆದುಕೊಳ್ಳಬಹುದು. ಮಸಿ 200 ಗ್ರಾಂ ಆಗಿದ್ದರೆ 1200. ಕಾರ್ಡಿಯರೈಟ್ ಕರಗುವುದು 1450ರ ಆಸುಪಾಸಿನಲ್ಲಾದರೂ ಅದಕ್ಕೂ ಮೊದಲೇ ಸೀಳು ಬಿಡುತ್ತದೆ. ಸಾಮಾನ್ಯವಾಗಿ ಹೀಗಾಗದಿರುವುದು ರಭಸದಿಂದ ಹರಿಯುವ ಅನಿಲ ಶಾಖವನ್ನು ಹೊತ್ತೊಯ್ಯುವುದರಿಂದ. ಆ ಹರಿವು ಥಟ್ಟನೆ ನಿಂತರೆ? ಈ ವಿದ್ಯೆಯಲ್ಲಿ ಎಲ್ಲರೂ ಹೆದರುವ ಸನ್ನಿವೇಶ ಅದೇ. ರೀಜನ್ ಹತ್ತಿಕೊಂಡ ಮೇಲೆ ಎಂಜಿನ್ ಐಡಲ್‌ಗೆ ಇಳಿಯುವುದು. ಐಡಲ್‌ನಲ್ಲಿ ಹೊಗೆ ಕಡಿಮೆ, ಹಾಗಾಗಿ ಶಾಖ ಒಯ್ಯುವವರಿಲ್ಲ. ಸುಡುವ ಇಂಧನವೂ ಕಡಿಮೆ, ಹಾಗಾಗಿ ಹೊಗೆಯಲ್ಲಿ ಆಮ್ಲಜನಕ ಹೆಚ್ಚು. ಬೆಂಕಿಗೆ ಗಾಳಿ ಊದಿ, ಆರಿಸುವ ನೀರು ಕಿತ್ತುಕೊಂಡಂತೆ. ಫಿಲ್ಟರಿನ ಹಿಂಭಾಗದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಉಷ್ಣತೆ ಸಾವಿರ ಡಿಗ್ರಿ ದಾಟಬಲ್ಲದು.

ಇನ್ನು ಎಂಟೂವರೆಯ ರಸ್ತೆಗೆ ಮರಳಿ. ನಂಜನಗೂಡಿನಿಂದ ಓಡಿಬಂದ ಲಾರಿ ಗುಂಡ್ಲುಪೇಟೆ ದಾಟಿ ಏರುವಾಗ ಬಿಸಿಯಾಗಿದೆ, ಇಸಿಯು ರೀಜನ್ ಶುರು ಮಾಡಿದೆ. ಗೇಟಿನಲ್ಲಿ ಸಾಲು ಕಂಡು ಚಾಲಕ ಬ್ರೇಕ್ ಒತ್ತುತ್ತಾನೆ, ಎಂಜಿನ್ ಐಡಲ್. ಪುಸ್ತಕದ ಸನ್ನಿವೇಶ ಇಲ್ಲಿ ಪ್ರತಿ ಸಂಜೆಯ ಸಾಧ್ಯತೆ. ಗೇಟು ದಾಟಿದವನಿಗೆ ಬೇರೆ ತೊಂದರೆ. ಕಾಡಿನೊಳಗೆ ಉಬ್ಬುಗಳ ಮೇಲೆ ಉಬ್ಬು, ವೇಗ ಹೆಚ್ಚಿಸುವಂತಿಲ್ಲ, ಹೆಚ್ಚಿಸಲೂ ಬಾರದು. ಹೊಗೆ ತಣ್ಣಗಿರುತ್ತದೆ, ಮಸಿ ತಿನ್ನುವ ಕೆಂಡ ಹೊತ್ತಿಕೊಳ್ಳುವುದಿಲ್ಲ, ಪದರ ಬೆಳೆಯುತ್ತದೆ. ದೀಪ ಹತ್ತಿದರೆ ನಿಲ್ಲಿಸಿ ರೀಜನ್ ಹಾಕಲು ಕಾಡಿನಲ್ಲಿ ಅವಕಾಶವಿಲ್ಲ, ಇರಲೂ ಕೂಡದು. ರೀಜನ್ ನಡೆಯುವಾಗ ಸೈಲೆನ್ಸರಿನ ಬಾಯಿಂದ ಬರುವ ಗಾಳಿ ಒಣಹುಲ್ಲಿಗೆ ತಾಗಬಾರದಷ್ಟು ಬಿಸಿ. 2019ರ ಫೆಬ್ರವರಿಯ ಬಂಡೀಪುರದ ಕಾಡ್ಗಿಚ್ಚನ್ನು ಕಂಡ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಾಮರಾಜನಗರದಿಂದ ಹಾಸನೂರು ದಾಟಿ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳಲ್ಲಿ ಇದರ ತಿರುಗುಮುರುಗು. ಏರುವ ಲಾರಿಯ ಫಿಲ್ಟರ್ ಚೆನ್ನಾಗಿ ಕಾಯುತ್ತದೆ. ಇಳಿಯುವ ಲಾರಿ ಎಂಜಿನ್ ಬ್ರೇಕ್ ಹಿಡಿದಾಗ ಇಂಧನವೇ ಇಲ್ಲದ ತಣ್ಣನೆ ಗಾಳಿ ಆ ಕಾದ ಮಣ್ಣಿನೊಳಗೆ ನುಗ್ಗುತ್ತದೆ. ಕಾದ ಹಂಚಿಗೆ ನೀರು ಚಿಮುಕಿಸಿದಂತೆ ಮುಂಭಾಗ ತಣಿಯುತ್ತದೆ, ಹಿಂಭಾಗ ಇನ್ನೂ ಕೆಂಪಗಿರುತ್ತದೆ. ಹಂಗಳದ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿಯಂತೂ ಪ್ರಯೋಗಕ್ಕೆಂದೇ ಮಾಡಿದಂತಿದೆ. ಖಾಸಗಿ ವಾಹನ ಬೆಟ್ಟದ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಹೋಗುವುದು ಕೆಎಸ್‌ಆರ್‌ಟಿಸಿ ಬಸ್ಸು ಮಾತ್ರ. ಒಂದು ಕಡಿದಾದ ಏರು, 1454 ಮೀಟರಿನ ತುದಿಯಲ್ಲಿ ನಿಲುಗಡೆ, ಮತ್ತೆ ಇಳಿತ, ಬುಡದಲ್ಲಿ ಕಾಯುವಿಕೆ, ದಿನವಿಡೀ ಇದೇ ಸುತ್ತು.

ನನ್ನ ಅಭಿಪ್ರಾಯ ಇಲ್ಲಿದೆ. ಸಮೀಕರಣಗಳು ಸಾಕಷ್ಟು ಪಕ್ವವಾಗಿವೆ. ರಂಧ್ರದ ಇನ್ನಷ್ಟು ಸುಂದರ ಚಿತ್ರ ತೆಗೆಯುವುದರಿಂದ ಗುಂಡ್ಲುಪೇಟೆಯ ಚಾಲಕರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕೊರತೆ ಇರುವುದು ಆ ಸಮೀಕರಣಕ್ಕೆ ಉಣಿಸುವ ರಸ್ತೆಯಲ್ಲಿ. ಭಾರೀ ವಾಹನದ ಎಂಜಿನ್ನನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಪರೀಕ್ಷಾ ಚಕ್ರ 30 ನಿಮಿಷದ್ದು, ಅದೂ ಪ್ರಯೋಗಾಲಯದ ಬೆಂಚಿನ ಮೇಲೆ. 2023ರ ಏಪ್ರಿಲ್‌ನಿಂದ ರಸ್ತೆಯ ಮೇಲೂ ಅಳೆಯಬೇಕೆಂಬ ನಿಯಮ ಬಂದದ್ದು ದೊಡ್ಡ ಹೆಜ್ಜೆ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅಲ್ಲಿ ಅಳೆಯುವುದು ಹೊರಬರುವ ಹೊಗೆಯನ್ನು. ಫಿಲ್ಟರ್ ವರ್ಷಗಟ್ಟಲೆ ಹೇಗೆ ಬಾಳುತ್ತದೆ ಎಂಬುದನ್ನಲ್ಲ.

ಬಾಳಿಕೆಯ ಮಾತಿನಲ್ಲಿ ಬೂದಿಯನ್ನು ಬಿಡುವಂತಿಲ್ಲ. ಮಸಿ ಸುಟ್ಟರೆ ಹೋಗುತ್ತದೆ. ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತು, ರಂಜಕದ ಬೂದಿ ಮಾತ್ರ ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಕಂಡಿಯ ತುದಿಯಲ್ಲಿ ಗಟ್ಟಿಯಾಗಿ ಕೂತರೆ ಫಿಲ್ಟರಿನ ಉದ್ದವೇ ಕುಗ್ಗುತ್ತದೆ, ಗೋಡೆಯ ಮೇಲೆ ಹರಡಿದರೆ ತಡೆ ಹೆಚ್ಚುತ್ತದೆ. ಎಲ್ಲಿ ಕೂರುತ್ತದೆ ಎಂಬುದನ್ನು ನಿರ್ಧರಿಸುವುದು ಮತ್ತೆ ಹರಿವೇ, ರೀಜನ್‌ನ ರೀತಿಯೇ. ಚಾಮರಾಜನಗರದ ಕರಿಕಲ್ಲಿನ ಕ್ವಾರಿಗಳಿಂದ ದಿಮ್ಮಿ ಹೊತ್ತು ಬರುವ ಗಾಡಿಗಳು ಹೆಚ್ಚು ಹೊತ್ತು ತೆವಳುತ್ತವೆ, ನಿಂತಲ್ಲೇ ಐಡಲ್ ಆಗಿರುತ್ತವೆ. ಕಡಿಮೆ ಬೂದಿಯ ಆಯಿಲ್ ದುಬಾರಿ ಎಂದು ಹಳೆಯ ದರ್ಜೆಯ ಆಯಿಲ್ ಹಾಕಿದರೆ ಇಸಿಯುವಿನ ಲೆಕ್ಕ ಬುಡಮೇಲಾಗುತ್ತದೆ. ಅದು ಬೂದಿಯ ತಡೆಯನ್ನು ಮಸಿಯ ತಡೆ ಎಂದೇ ಓದಿ ಮತ್ತೆ ಮತ್ತೆ ರೀಜನ್ ಕೇಳುತ್ತದೆ. ಬೇಸತ್ತ ಮಾಲೀಕರು ಕೊನೆಗೆ ಫಿಲ್ಟರನ್ನೇ ಕೊರೆಸಿ ಖಾಲಿ ಡಬ್ಬ ಉಳಿಸಿಕೊಳ್ಳುವುದುಂಟು. ಇದು ಕಾನೂನುಬಾಹಿರ, ಊರಿನ ಶ್ವಾಸಕ್ಕೆ ಅನ್ಯಾಯ. ಆದರೆ ದಂಡದ ಭಯವೊಂದರಿಂದ ಇದು ನಿಲ್ಲುವುದಿಲ್ಲ. ಈ ರಸ್ತೆಗೆ ಹೊಂದುವ ರೀಜನ್ ಕ್ರಮ ಕೊಟ್ಟರೆ, ಎಲ್ಲಿ ನಿಲ್ಲಿಸಿ ಸುಡಬಹುದು ಎಂದು ಹೇಳಿದರೆ ನಿಲ್ಲಬಹುದು.

ಅದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ. ಫಿಲ್ಟರಿನ ಒತ್ತಡ, ಉಷ್ಣತೆಯ ಸೆನ್ಸರುಗಳು ಪ್ರತಿ ಬಿಎಸ್-6 ಡೀಸೆಲ್ ಗಾಡಿಯಲ್ಲೂ ಈಗಾಗಲೇ ಇವೆ. ವಾಹನದ ದೋಷ ತಪಾಸಣೆಯ ಒಬಿಡಿ ಸಾಕೆಟ್ಟಿಗೆ ಒಂದು ಸಣ್ಣ ಉಪಕರಣ ಸಿಕ್ಕಿಸಿದರೆ ಆ ಅಂಕಿಗಳು ಕೈಗೆ ಬರುತ್ತವೆ. ಓಪನ್‌ಫೋಮ್‌ನಂಥ ಉಚಿತ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಒಂದು ಜೋಡಿ ಕಂಡಿಯ ಹರಿವನ್ನು ಬಿಡಿಸುತ್ತದೆ. ಬಿಸೆಟ್ ಮಾಡಿದ್ದನ್ನು ಇಂದು ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ ಮಾಡಬಲ್ಲ. ಗೇಟಿನ ಹೊರಗೆ, ಹುಲ್ಲಿಲ್ಲದ ಸಿಮೆಂಟು ನೆಲದ ಮೇಲೆ, ನಿಂತು ರೀಜನ್ ಹಾಕಲು ಒಂದಿಷ್ಟು ಜಾಗ ಗುರುತಿಸುವುದು ಜಿಲ್ಲಾಡಳಿತಕ್ಕೆ ಕಷ್ಟವಲ್ಲ. ಆ ಜಾಗ ಎಷ್ಟು ಬೇಕು, ಎಲ್ಲಿ ಬೇಕು ಎಂಬುದನ್ನು ಅಳತೆಯೇ ಹೇಳುತ್ತದೆ.

ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳಲ್ಲಿ, ಅಲ್ಲಿನ ಅಧ್ಯಾಪಕರಲ್ಲಿ, ಕೆಎಸ್‌ಆರ್‌ಟಿಸಿಯ ಚಾಮರಾಜನಗರ ವಿಭಾಗದವರಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷದ ಒಂದು ಪ್ರಾಜೆಕ್ಟನ್ನು ಇದಕ್ಕೆ ಮೀಸಲಿಡಿ. ಒಂದು ಬಿಎಸ್-6 ಬಸ್ಸು ತೆಗೆದುಕೊಳ್ಳಿ, ಚಾಮರಾಜನಗರದಿಂದ ತೆರಕಣಾಂಬಿ, ಗುಂಡ್ಲುಪೇಟೆ ಹಾದು ಮದ್ದೂರು ಗೇಟಿನವರೆಗೆ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಫಿಲ್ಟರಿನ ಒತ್ತಡ ಮತ್ತು ಉಷ್ಣತೆಯನ್ನು ಸೆಕೆಂಡಿಗೊಮ್ಮೆ ಬರೆದಿಡಿ. ಬರೆದದ್ದನ್ನು ಕನ್ನಡದಲ್ಲಿ ಪ್ರಕಟಿಸಿ. ಮೊದಲ ಪ್ರತಿಯನ್ನು ಗೇಟಿನಲ್ಲಿ ಕಾಯುವ ಚಾಲಕರಿಗೆ ಕೊಡಿ.